ದೀಪ ಮುಟ್ಟಿದಷ್ಟು ದೂರ

ಗಿಡಗಳಿಗೆ ಬೈಯುವ ಚಟ ನನಗೆ ಮೊದಲಿನಿಂದಲೂ ಇದೆ. ಮೆಣಸಿನ ಗಿಡ ಮುದುಡಿಕೊಂಡರೆ, ಬದನೆಗೆ ಹುಳ ಬಿದ್ದರೆ, ಸಾಲಿನ ಮುಂದೆ ನಿಂತು ನಾಲ್ಕು ಮಾತು ಆಡದಿದ್ದರೆ ನನಗೆ ಉಂಡ ರೊಟ್ಟಿ ಅರಗುವುದಿಲ್ಲ. ಆದರೆ ಆ ವರ್ಷ ಮಹಾನವಮಿ ಕಳೆದು ಶೀಗಿ ಹುಣ್ಣಿಮೆ ಬಂದರೂ ನಮ್ಮ ಗಾಂಜಾ ತೋಟದ ನಡುವೆ ನಿಂತ ನನಗೆ ಒಂದು ಬೈಗುಳವೂ ಹೊರಡಲಿಲ್ಲ. ಬೈಯಲು ಏನಾದರೂ ತಪ್ಪು ಕಾಣಬೇಕಲ್ಲ! ಗಿಡಗಳು ನನ್ನ ತಲೆಗಿಂತ ಎತ್ತರ ಬೆಳೆದಿದ್ದವು. ಎಲೆ ಕಡುಹಸಿರಾಗಿತ್ತು, ಕಾಂಡ ದಪ್ಪವಾಗಿತ್ತು, ರೋಗವಿಲ್ಲ, ಹುಳವಿಲ್ಲ. ಇಲ್ಲದ್ದು ಒಂದೇ, ಹೂವು.

ಕದ್ದು ಬೆಳೆದದ್ದು ಎಂದುಕೊಳ್ಳಬೇಡಿ. ಆಗ ನಿಜಾಮರ ಆಳಿಕೆ ಹೋಗಿ ಕೆಲವೇ ವರ್ಷಗಳಾಗಿದ್ದವು. ಅಬಕಾರಿಯವರ ಪರವಾನಗಿ ಇದ್ದರೆ ಔಷಧಕ್ಕೆಂದು ಒಂದಿಷ್ಟು ಗಾಂಜಾ ಬೆಳೆಯಬಹುದಿತ್ತು. ಮಸ್ಕಿಯ ಗುಡ್ಡದ ಆಚೆ, ಹಳ್ಳದ ಕಡೆಗೆ, ನನ್ನ ತವರವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ಬಾವಿ ತೋಟವಿತ್ತು. ಅದರಲ್ಲಿ ಹತ್ತು ಗುಂಟೆಗೂ ಕಡಿಮೆಯ ಒಂದು ಮಡಿ. ಪರವಾನಗಿ ನನ್ನ ಹೆಸರಿನಲ್ಲೇ. ಬೆಳೆದದ್ದೆಲ್ಲ ಲಿಂಗಸುಗೂರಿನ ಹಕೀಮರ ದವಾಖಾನೆಗೆ ಹೋಗಬೇಕು, ಒಂದು ಕಡ್ಡಿಯೂ ಬೇರೆಡೆ ಹೋಗುವಂತಿಲ್ಲ. ಹೊಟ್ಟೆ ಕಿವುಚುವ ನೋವಿಗೆ, ನಿದ್ದೆ ಬಾರದವರಿಗೆ, ಕೈಕಾಲು ಸೆಳೆತಕ್ಕೆ ಹಕೀಮರು ಅದನ್ನು ಶುದ್ಧಿ ಮಾಡಿ ಬೆಲ್ಲದ ಪಾಕದಲ್ಲಿ ಕೂಡಿಸಿ ಲೇಹ್ಯ ಕಟ್ಟುತ್ತಿದ್ದರು. ಹಿಂದಿನ ಎರಡು ಬೆಳೆಗಳನ್ನು ನೋಡಿ ಅವರು ನನ್ನ ಯಜಮಾನರ ಮುಂದೆ, "ಇಂಥಾ ಮಾಲು ನಮ್ಮ ಅಬ್ಬಾನೂ ಕಂಡಿರ್ಲಿಲ್ಲ," ಎಂದಿದ್ದರು. ಆ ಮಾತನ್ನು ನಾನು ಮಸ್ಕಿಯ ಅರ್ಧ ಊರಿಗೆ ಹೇಳಿ ಮುಗಿಸಿದ್ದೆ. ಉಳಿದರ್ಧಕ್ಕೆ ನನ್ನ ಯಜಮಾನರು ಹೇಳಿದ್ದರು.

ಹಿಂದಿನ ವರ್ಷಗಳಲ್ಲಿ ತೋಟಕ್ಕೆ ಕಾವಲು ಅಂದರೆ ಹೆಸರಿಗಷ್ಟೇ. ಒಬ್ಬ ಸೋಮಾರಿ ಆಳು ಒಂದು ಕಂದೀಲು ಹಿಡಿದು ಹೋಗುತ್ತಿದ್ದ, ಕಂದೀಲಿಗಿಂತ ಮೊದಲು ಅವನೇ ಆರಿಹೋಗುತ್ತಿದ್ದ. ಈ ವರ್ಷ ಸಿಂಧನೂರಿನ ಕಡೆಯಿಂದ ಹೊಸ ಅಬಕಾರಿ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಬಂದವರೇ ಹುಕುಂ ಮಾಡಿದರು. ಬೇಲಿ ಗಟ್ಟಿ ಇರಬೇಕು, ತೋಟದ ನಡುವೆ ಅಟ್ಟಣೆ ಇರಬೇಕು, ಅಟ್ಟಣೆಯ ಮೇಲೆ ಇಡೀ ರಾತ್ರಿ ದೊಡ್ಡ ದೀಪ ಉರಿಯಬೇಕು. ಕಂದೀಲು ನಡೆಯುವುದಿಲ್ಲ, ಪೆಟ್ರೋಮ್ಯಾಕ್ಸ್ ಬೇಕು. ಕಾಲುವೆ ಅಗೆತದ ಕ್ಯಾಂಪುಗಳಿಂದಾಗಿ ಆಗ ಅಂಗಡಿಗಳಲ್ಲಿ ಪೆಟ್ರೋಮ್ಯಾಕ್ಸ್ ಸಿಗುತ್ತಿತ್ತು. ತಂದೆವು. ಕಾವಲಿಗೆ ಬಳಗಾನೂರಿನ ಒಬ್ಬ ಕುರುಬರ ಮುದುಕನನ್ನು ಕರೆತಂದೆವು. ಅವನನ್ನು ಎಲ್ಲರೂ ಮುತ್ಯಾ ಎಂದೇ ಕರೆಯುತ್ತಿದ್ದರು. ಜೀವನವಿಡೀ ಬಯಲಿನಲ್ಲಿ ಕುರಿ ಕಾದವನು, ರಾತ್ರಿ ಎಚ್ಚರವಿರುವುದು ಅವನಿಗೆ ಉಸಿರಾಡಿದಷ್ಟು ಸಲೀಸು.

ಆ ದೀಪದ ಮೇಲೆ ಮುತ್ಯಾನಿಗೆ ಇದ್ದ ಅಕ್ಕರೆಯನ್ನು ಏನು ಹೇಳಲಿ! ಹೊತ್ತು ಮುಳುಗುವ ಮೊದಲೇ ಗಾಜು ಒರೆಸುವನು. ಪಿನ್ನು ಹಾಕುವನು, ಪಂಪು ಹೊಡೆಯುವನು, ಬತ್ತಿಯ ಜಾಳಿಗೆ ಬೆಳ್ಳಗೆ ಹೊತ್ತಿಕೊಂಡ ಕೂಡಲೇ ಎರಡೂ ಕೈ ಮುಗಿಯುವನು. ಶ್ರಾವಣದ ಗಾಳಿಗೆ ಜಾಳಿಗೆ ಉದುರಿಹೋದೀತೆಂದು ಅಟ್ಟಣೆಯ ಪಡುವಣ ದಿಕ್ಕಿಗೆ ತನ್ನ ಕಂಬಳಿ ಕಟ್ಟಿದ್ದ, ತಾನು ಮಾತ್ರ ಬರಿಮೈಯಲ್ಲಿ ಕೂರುತ್ತಿದ್ದ. "ಮುತ್ಯಾ, ಕಂಬಳಿ ನಿನಗೋ ದೀಪಕ್ಕೋ?" ಎಂದು ನಾನು ಕಿಚಾಯಿಸಿದರೆ, "ನನಗ ಚಳಿ ಆದ್ರ ನಡಗತೀನಿ ಯವ್ವಾ. ಅದು ನಡಗಿದ್ರ ಆರತೈತಿ," ಎನ್ನುತ್ತಿದ್ದ. ಬೆಳಗಾದ ಮೇಲೆಯೇ ಅದನ್ನು ಶಾಂತ ಮಾಡಿ, ಕೆಳಗಿಳಿದು ತನ್ನ ಗುಡಿಸಲಿಗೆ ಹೋಗಿ ಮಲಗುತ್ತಿದ್ದ.

ಬೆಳೆಯ ಕೆಲಸವನ್ನು ನಾನು ಯಾವತ್ತಿನಂತೆಯೇ ಮಾಡಿದ್ದೆ. ನಾಗರ ಪಂಚಮಿಯ ಸುಮಾರಿಗೆ ಸಸಿಮಡಿ. ಸಸಿ ಗೇಣುದ್ದ ಆದಮೇಲೆ ಕಿತ್ತು ಸಾಲಿನಲ್ಲಿ ನಾಟಿ. ಬೇರು ಹಿಡಿದ ಮೇಲೆ ಕುಡಿ ಚಿವುಟುವುದು, ಕೊಂಬೆ ಒಡೆಯಲಿ ಎಂದು. ಆಮೇಲೆ ಬರುವುದೇ ಕಣ್ಣಿನ ಕೆಲಸ. ಗಂಡುಗಿಡ, ಹೆಣ್ಣುಗಿಡ ಬೇರೆ ಬೇರೆ ಇರುತ್ತವೆ. ಗಂಡುಗಿಡದ ಗಿಣ್ಣಿನಲ್ಲಿ ಸಣ್ಣ ಕಾಳಿನಂಥ ಮೊಗ್ಗು ನೇತಾಡುತ್ತದೆ, ಹೆಣ್ಣಿನಲ್ಲಿ ಎರಡು ಬಿಳಿ ಕೂದಲು ಇಣುಕುತ್ತವೆ. ಗಂಡು ಕಂಡದ್ದೇ ತಡ, ಅರಳುವ ಮೊದಲೇ ಬೇರುಸಹಿತ ಕಿತ್ತೊಗೆಯಬೇಕು. ಬಿಟ್ಟರೆ ಹೆಣ್ಣೆಲ್ಲ ಬೀಜ ಕಟ್ಟುತ್ತವೆ, ಔಷಧದ ಅಂಟು ಕಡಿಮೆಯಾಗುತ್ತದೆ. ಮಹಾನವಮಿಯ ಹೊತ್ತಿಗೆ ಈ ಕೆಲಸ ಮುಗಿಯಬೇಕು. ಆ ಸಲ ಮೂಲೆಗಳಲ್ಲಿ ಮುಗಿಯಿತು. ನಡುವಿನ ಗಿಡಗಳಲ್ಲಿ ಮಾತ್ರ ಗಂಡೂ ಕಾಣಲಿಲ್ಲ, ಹೆಣ್ಣೂ ಕಾಣಲಿಲ್ಲ. ಎಲೆಯ ಮೇಲೆ ಎಲೆ, ಅದರ ಮೇಲೆ ಮತ್ತೊಂದೆಲೆ.

ಪಡುವಣದ ಕೆಲವು ಸಾಲುಗಳೂ ಹೂ ಹಿಡಿದಿದ್ದವು. ಅಲ್ಲಿ ಇಳಿಜಾರು, ನೀರು ಬಸಿದುಹೋಗುತ್ತದೆ. ಸರಿ, ನಡುವೆ ನೀರು ಹೆಚ್ಚಾಗಿದೆ ಎಂದು ತೀರ್ಮಾನಿಸಿ ಬಾವಿಯ ನೀರು ನಿಲ್ಲಿಸಿದೆ. ಎರೆ ಮಣ್ಣು ಬಿರುಕು ಬಿಟ್ಟಿತು, ಕೆಳಗಿನ ಎಲೆ ಹಳದಿಯಾಯಿತು, ಹೂ ಬರಲಿಲ್ಲ. ಗೊಬ್ಬರದ ಸೊಕ್ಕಿರಬೇಕು ಎಂದು ಬುಡ ಬಿಡಿಸಿ ಒಲೆಬೂದಿ ಹಾಕಿದೆ. ಅದೂ ಆಗಲಿಲ್ಲ. ಲಿಂಗಸುಗೂರಿನಿಂದ ಹಕೀಮರನ್ನು ಕರೆಸಿದೆ. ಅವರು ಒಂದು ಎಲೆ ಹಿಚುಕಿ ಮೂಸಿ ಎಸೆದರು.

"ಅಮ್ಮಾ, ಈ ಪತ್ತಿ ನನಗ ಬ್ಯಾಡ. ಪತ್ತ್ಯಾಗ ದವಾ ಇರೂದು ಅಷ್ಟಕ್ಕಷ್ಟೆ. ಹೂವಿನ ಮ್ಯಾಲಿನ ಅಂಟು ಐತಲ್ಲ, ಜಾನ್ ಎಲ್ಲಾ ಅದರಾಗ ಐತಿ. ಬಿಸಿಲು ಕಮ್ಮಿ ಬಿದ್ದಿರಬೇಕು ನೋಡು. ಈ ಗಿಡಕ್ಕ ಬೆಳಕು ಬೇಕು, ಬೆಳಕು."

ಬೆಳಕು ಬೇಕಂತೆ ಎಂದು ಬದುವಿನ ಬೇವಿನ ಮರದ ಕೊಂಬೆಗಳನ್ನೂ ಕಡಿಸಿದೆ. ನನ್ನ ಯಜಮಾನರು ಶಿವಭಕ್ತರು, ಮರಕ್ಕೆ ಕೊಡಲಿ ತಾಗಿದರೆ ಅವರಿಗೆ ಅಂದು ಊಟ ಸೇರುವುದಿಲ್ಲ. "ಇನ್ನು ನಿನ್ನ ತೋಟದ ಸಲುವಾಗಿ ಗುಡ್ಡಾನೂ ಕಡಸ್ತಿ ಏನು?" ಎಂದರು. ಗುಡ್ಡ ಕಡಿದರೆ ಹೂ ಬರುವುದಾದರೆ ಅಂದು ನಾನು ಅದಕ್ಕೂ ತಯಾರಿದ್ದೆ. ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ದೀಪಾವಳಿಯ ಪಾಡ್ಯ ಮುಗಿದಿತ್ತಷ್ಟೇ, ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಸಾಲುಗಳಲ್ಲಿ ನಡೆದರು. ಮೂಲೆಗಳಲ್ಲಿ ಹೂತೆನೆ ಕಂಡು ತಲೆಯಾಡಿಸಿದರು. ನಡುವೆ ಬಂದು ನಿಂತರು, ಸುತ್ತಲೂ ನೋಡಿದರು, ಅಟ್ಟಣೆಯ ಕಡೆ ನೋಡಿದರು. ಅದರ ಏಣಿ ಮುರುಕಲು, ಅವರು ಹತ್ತಲಿಲ್ಲ. ಗುಡಿಸಲಿನಿಂದ ಮುತ್ಯಾನನ್ನು ಕರೆಸಿದರು.

"ಹೂ ಎಲ್ಲಿ?" ಎಂದು ಅವನನ್ನೇ ಕೇಳಿದರು.

"ಬಂದಿಲ್ರೀ ಸಾಹೇಬ್ರ."

"ಮೂಲ್ಯಾಗ ಬಂದಾವ, ಇಲ್ಲಿ ಬಂದಿಲ್ಲ. ಒಂದೇ ಬೀಜ, ಒಂದೇ ಹೊಲ, ಒಂದೇ ನೀರು. ನಿನ್ನ ಅಟ್ಟಣೆ ಸುತ್ತಾನೇ ಹೂ ಇಲ್ಲ! ಕ್ಯಾ ಬಾತ್ ಹೈ! ಬೇಲೀನೇ ಎದ್ದು ಹೊಲ ಮೇಯ್ದೈತಿ."

ಮುತ್ಯಾ ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತ. ನನಗೆ ಮೈಯೆಲ್ಲ ಉರಿದುಹೋಯಿತು.

"ಕಿತ್ತಿದ್ರ ಗಾಯ ಕಾಣಬೇಕಲ್ರೀ ಸಾಹೇಬ್ರ?" ಎಂದೆ.

ಸಾಹೇಬರು ದಡ್ಡರಲ್ಲ. ಒಂದು ಕೊಂಬೆ ಬಗ್ಗಿಸಿ ತೋರಿಸಿದರು. ಅದರ ತುದಿಯಲ್ಲಿ ಚಿವುಟಿದ ಗುರುತಿತ್ತು. ಅದು ನಾನೇ ಕುಡಿ ಚಿವುಟಿದ್ದು. ಆದರೆ ನನ್ನ ಉಗುರಿನ ಗುರುತಾವುದು, ಕಳ್ಳನ ಉಗುರಿನ ಗುರುತಾವುದು ಎಂದು ಯಾರು ಹೇಳಬೇಕು? ತೋಟದ ಪ್ರತಿ ಗಿಡದಲ್ಲೂ ಅಂಥ ಗುರುತು ಇದ್ದೇ ಇತ್ತು.

ಸಾಹೇಬರ ಜೊತೆ ಬಂದಿದ್ದ ಸಿಪಾಯಿಗಳು ಗುಡಿಸಲು ಹುಡುಕಿದರು. ಒಂದು ರೊಟ್ಟಿಯ ಗಂಟು, ಒಂದು ಗಡಿಗೆ, ದೀಪಕ್ಕೆ ಬೇಕಾದ ಪಿನ್ನುಗಳ ಒಂದು ಡಬ್ಬಿ, ಇಷ್ಟೇ ಸಿಕ್ಕಿದ್ದು. ಆದರೂ ಅವನನ್ನು ಠಾಣೆಗೆ ಕರೆದೊಯ್ಯಲು ಅಣಿಯಾದರು. ನಾನು ದಾರಿಗೆ ಅಡ್ಡ ನಿಂತೆ. ಪರವಾನಗಿ ನನ್ನ ಹೆಸರಿನಲ್ಲಿದೆ, ಕಾವಲುಗಾರನನ್ನು ಇಟ್ಟವಳು ನಾನು, ಒಯ್ಯುವುದಾದರೆ ಮೊದಲು ನನ್ನನ್ನು ಒಯ್ಯಿರಿ ಎಂದೆ. ಗೌಡರ ಮನೆಯ ಹೆಣ್ಣುಮಗಳು ರಸ್ತೆಯಲ್ಲಿ ಹಟ ಹಿಡಿದು ನಿಂತದ್ದು ನೋಡಿ ಸಾಹೇಬರಿಗೇ ಮುಜುಗರವಾಯಿತು.

"ಎಳ್ಳ ಅಮಾಸಿಗೆ ಬರತೀನಿ," ಎಂದರು. "ಅಷ್ಟರಾಗ ಹೂ ಬಂದಿದ್ರ ನೋಡೋಣ. ಬರಲಿಲ್ಲ ಅಂದ್ರ ತೋಟಕ್ಕ ಬೆಂಕಿ, ಪರವಾನಗಿ ರದ್ದು, ಈ ಮುದುಕನ ಮ್ಯಾಲ ಕಳವಿನ ಕೇಸು. ದೀಪ ಮಾತ್ರ ಒಂದು ರಾತ್ರೀನೂ ಆರಬಾರದು. ಸಮಝೆ?"

ಅವರು ಹೋದಮೇಲೆ ಮುತ್ಯಾ ನೆಲಕ್ಕೆ ಕುಸಿದು ಕೂತ. "ಕುರಿ ಕಾದು ಮುದುಕ ಆದೆ ಯವ್ವಾ. ಒಂದು ಮರಿ ಕಳವಿನ ಮಾತು ನನ್ನ ಮ್ಯಾಲ ಬಂದಿಲ್ಲ. ಸಾಯೂ ಕಾಲಕ್ಕ ಗಾಂಜಾ ಕಳ್ಳ ಆದೆ," ಎಂದ. ಪರವಾನಗಿ ಹೋದರೆ ಹೋಗಲಿ, ನಾನು ಜೋಳ ಬಿತ್ತಿಯೇನು. ಆದರೆ ಈ ಮಾತು ಈ ಮುದುಕನ ಹೆಣದ ಜೊತೆ ಹೋಗಬಾರದು ಎಂದು ಅಲ್ಲಿಯೇ ಹಟ ಹುಟ್ಟಿತು.

ಮರುದಿನ ನಡುಹಗಲಿನಲ್ಲಿ ನಾನು ಅಟ್ಟಣೆ ಹತ್ತಿದೆ. ಸೊಸೆಯಾದವಳು ಸೀರೆ ಎತ್ತಿಕಟ್ಟಿ ಅಟ್ಟಣೆ ಏರುವುದು ನಮ್ಮಲ್ಲಿ ರೂಢಿಯಿಲ್ಲ. ಪಕ್ಕದ ಹೊಲದ ಕಳೆ ತೆಗೆಯುವವರು ಕೈ ನಿಲ್ಲಿಸಿ ನೋಡಿದರು. ನೋಡಲಿ ಬಿಡಿ. ಕಳ್ಳ ಬಂದಿದ್ದರೆ ಯಾವ ಕಡೆಯಿಂದ ಬಂದಾನು, ಬೇಲಿಯಲ್ಲಿ ಕಿಂಡಿ ಇದೆಯೋ ಎಂದು ಮೇಲಿನಿಂದ ನೋಡುವುದು ನನ್ನ ಲೆಕ್ಕ.

ಕಿಂಡಿ ಕಾಣಲಿಲ್ಲ. ಬೇರೆ ಒಂದು ಕಂಡಿತು. ಗಿಡಗಳು ತಲೆಗಿಂತ ಎತ್ತರವಿದ್ದುದರಿಂದ ಕೆಳಗೆ ನಡೆದಾಡುವಾಗ ಅದು ಕಾಣುವಂತಿರಲಿಲ್ಲ. ಮೇಲಿನಿಂದ ಅಂಗೈ ನೋಡಿದಷ್ಟು ಸ್ಪಷ್ಟ. ಪಡುವಣಕ್ಕೆ ಹೂವಿನ ಒಂದು ಪಟ್ಟೆ, ಅಟ್ಟಣೆಯ ಹತ್ತಿರ ಕಿರಿದು, ಬೇಲಿಯ ಕಡೆ ಹೋಗುತ್ತ ಅಗಲ. ಬೀಸಣಿಗೆ ಬಿಚ್ಚಿ ನೆಲಕ್ಕೆ ಹಾಸಿದಂತಿತ್ತು. ಅದರ ಎರಡು ಅಂಚುಗಳು ಗೆರೆ ಎಳೆದಷ್ಟು ನೆಟ್ಟಗೆ. ನೀರು ಹಾಗೆ ನೆಟ್ಟಗೆ ಬಸಿಯುವುದಿಲ್ಲ, ಮಣ್ಣೂ ಹಾಗೆ ಬದಲಾಗುವುದಿಲ್ಲ. ಆ ಎರಡು ಗೆರೆಗಳನ್ನು ಕಣ್ಣಿನಲ್ಲೇ ಹಿಂದಕ್ಕೆ ಎಳೆದುಕೊಂಡು ಬಂದೆ. ಅವು ಮುತ್ಯಾನ ಕಂಬಳಿಯ ಎರಡು ಅಂಚುಗಳನ್ನು ಮುಟ್ಟಿ, ಅಲ್ಲಿಂದ ನನ್ನ ಮುಖದ ಮುಂದೆ ತೂಗುತ್ತಿದ್ದ ಪೆಟ್ರೋಮ್ಯಾಕ್ಸಿನಲ್ಲಿ ಬಂದು ಕೂಡಿದವು.

ಕಂಬಳಿಯ ನೆರಳು ಎಲ್ಲಿ ಬಿದ್ದಿತ್ತೋ ಅಲ್ಲಿ ಹೂ ಬಂದಿತ್ತು. ದೀಪ ಮುಟ್ಟದ ಮೂಲೆಗಳಲ್ಲಿ ಬಂದಿತ್ತು. ನಾನು ಬಗ್ಗಿ ಅಟ್ಟಣೆಯ ಹಲಗೆಗಳ ಕೆಳಗೆ ನೋಡಿದೆ. ದೀಪದ ಬುಡಕ್ಕೆ ಕತ್ತಲೆ ಎನ್ನುತ್ತಾರಲ್ಲ, ಅಲ್ಲೇ, ಹಲಗೆಯ ನೆರಳಿನಲ್ಲಿ ಬಡಕಲಾಗಿ ಬೆಳೆದ ನಾಲ್ಕಾರು ಗಿಡಗಳು. ಹಗಲು ಬಿಸಿಲಿಲ್ಲ, ರಾತ್ರಿ ದೀಪವಿಲ್ಲ. ಅವೂ ಹೂ ಹಿಡಿದಿದ್ದವು!

ಹಕೀಮರು ಬೆಳಕು ಬೇಕು ಎಂದಿದ್ದರು, ಅದು ಸುಳ್ಳಲ್ಲ. ಆದರೆ ನಮ್ಮ ಮನೆಯ ಮದುವೆಯಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚಿದ ರಾತ್ರಿ ಪಡಸಾಲೆಯ ಜಂತೆಯಲ್ಲಿದ್ದ ಗುಬ್ಬಿಗಳು ಬೆಳಗಾಯಿತೆಂದು ಚಿಲಿಪಿಲಿ ಹತ್ತಿದ್ದು ನನಗೆ ನೆನಪಿಗೆ ಬಂತು. ಗುಬ್ಬಿಗೆ ಹಾಗಾದರೆ ಗಿಡಕ್ಕೇಕೆ ಆಗಬಾರದು? ಮಳೆಗಾಲದ ಹಗಲು ದೊಡ್ಡದು, ಆಗ ಈ ಗಿಡ ಎಲೆ ಬಿಡುತ್ತದೆ. ಮಹಾನವಮಿಗೆ ಹಗಲು ಕುಗ್ಗಿ ರಾತ್ರಿ ಬೆಳೆಯುತ್ತದೆ, ಆಗ ಹೂ ಬಿಡುತ್ತದೆ. ರಾತ್ರಿ ಬೆಳೆದದ್ದನ್ನು ನೋಡಿಯೇ ಗಿಡ ಕಾಲ ತಿಳಿಯುತ್ತಿರಬೇಕು. ನಾವು ರಾತ್ರಿಯನ್ನೇ ಕೊಟ್ಟಿರಲಿಲ್ಲ. ಮುತ್ಯಾ ಒಂದು ಕ್ಷಣವೂ ದೀಪ ಆರಗೊಡದೆ ನಡುವಿನ ಗಿಡಗಳಿಗೆಲ್ಲ ಶ್ರಾವಣವೇ ಇನ್ನೂ ಮುಗಿದಿಲ್ಲ ಎಂದು ನಂಬಿಸಿಬಿಟ್ಟಿದ್ದ. ಹಿಂದಿನ ಸೋಮಾರಿ ಕಾವಲುಗಾರನ ಕಾಲಕ್ಕೆ ಹೂ ಬಂದದ್ದು ಏಕೆಂದು ಆಗ ಹೊಳೆಯಿತು. ನಾನು ಅಟ್ಟಣೆಯ ಮೇಲೆ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಕಳೆ ತೆಗೆಯುವವರು ನನಗೆ ಗಾಂಜಾ ಗಾಳಿ ಬಡಿಯಿತೆಂದೇ ತಿಳಿದಿರಬೇಕು.

ಮುತ್ಯಾನನ್ನು ಎಬ್ಬಿಸಿ ಹೇಳಿದೆ. ಅವನು ಬಾಯಿ ತೆರೆದುಕೊಂಡು ಕೇಳಿದ. ದೀಪ ಶಾಂತ ಮಾಡಿಬಿಡೋಣ ಎಂದದ್ದೇ ತಡ, ಎದ್ದು ನಿಂತ.

"ಒಲ್ಲೆ ಯವ್ವಾ. ದೀಪ ಆರಬಾರದು ಅಂತ ಸಾಹೇಬ್ರ ಹುಕುಂ ಆಗೈತಿ. ಇವತ್ತ ಆರಿಸಿದ್ರ ನಾಳೆ ಊರೆಲ್ಲಾ ಏನಂತಾರ? ಕತ್ತಲ ಮಾಡಿಕೊಂಡು ಕದಿಯಾಕತ್ತಾನ ಅಂತಾರ. ನಾ ಕಳ್ಳ ಅಂತ ನಾನೇ ಒಪ್ಪಿಕೊಂಡಂಗಲ್ಲ?"

ಅವನು ಹೇಳಿದ್ದು ಖರೆ ಇತ್ತು. ಸಾಹೇಬರಿಗೆ ಹೇಳಿ ಕಳಿಸಿ ಕೇಳೋಣ ಎಂದರೆ ಅವರು ನಂಬುವ ಬಾಬತ್ತೇ ಅಲ್ಲ. ದೀಪದಿಂದ ಹೂ ನಿಂತಿತು ಎಂದರೆ ಹಕೀಮರೇ ನಗುತ್ತಾರೆ. ಬರೀ ಹೂ ಬರಿಸಿದರೂ ಸಾಲದು. ಸಿಕ್ಕಿಬೀಳುವ ಭಯಕ್ಕೆ ಮುದುಕ ಕೀಳುವುದು ಬಿಟ್ಟ, ಅದಕ್ಕೇ ಹೂ ಬಂತು ಎನ್ನುತ್ತಾರೆ. ಹೂ ಬಂದರೂ ಕಳ್ಳತನದ ಮಾತು ಅಳಿಯುವುದಿಲ್ಲ. ಅಂದು ಸಂಜೆಯವರೆಗೆ ಬದುವಿನ ಮೇಲೆ ಕೂತು ಇದನ್ನೇ ಯೋಚಿಸಿದೆ. ಎದ್ದಾಗ ಏನು ಮಾಡಬೇಕೆಂದು ಗೊತ್ತಿತ್ತು.

ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳನ್ನು ತರಿಸಿ ಒಡೆದು ತಗಡು ಮಾಡಿಸಿದೆ. ಅಟ್ಟಣೆಯ ಮೇಲೆ ದೀಪದ ಸುತ್ತ ಆ ತಗಡುಗಳ ಮರೆ ಕಟ್ಟಿಸಿದೆ. ಬೆಳಕು ಮೇಲಕ್ಕೆ ಹೋಗಬೇಕು, ಗಿಡಗಳ ಮೇಲೆ ಬೀಳಬಾರದು. ದೀಪವೇನೋ ಹುಕುಮಿನಂತೆ ಉರಿಯುತ್ತಿರುತ್ತದೆ, ದೂರದ ಬಂಡಿದಾರಿಯಿಂದ ನೋಡಿದರೂ ಮೇಲೆ ಬೆಳ್ಳನೆ ಹೊಳಪು ಕಾಣುತ್ತದೆ. ಆಮೇಲೆ ತೆಂಕಣ ದಿಕ್ಕಿನ ತಗಡಿನಲ್ಲಿ ಅಂಗೈ ಅಗಲದ ಒಂದು ಸೀಳು ಬಿಡಿಸಿದೆ, ಮೇಲಿನಿಂದ ಕೆಳಗಿನವರೆಗೆ.

ಮುತ್ಯಾ ಗಲ್ಲಕ್ಕೆ ಕೈ ಹಚ್ಚಿ ನೋಡುತ್ತಿದ್ದ. "ಇದ್ಯಾಕ ಯವ್ವಾ? ಆ ಕಡಿ ಗಿಡ ಏನ್ ಪಾಪ ಮಾಡ್ಯಾವ?"

"ಅವು ಸಾಕ್ಷಿ ಹೇಳ್ತಾವ ಮುತ್ಯಾ."

"ಗಿಡ ಸಾಕ್ಷಿ ಹೇಳತಾವ?"

"ನಿನಗಿಂತ ಚಲೋ ಹೇಳ್ತಾವ. ನೀ ಸಾಹೇಬ್ರ ಮುಂದ ಬಾಯಿ ಬಿಟ್ಟಿ ಏನು? ಸುಮ್ಮನ ನೆಲಾ ನೋಡಿಕೊಂತ ನಿಂತಿದ್ದಿ."

ಮುತ್ಯಾ ನಕ್ಕ. ಪಾಡ್ಯದ ನಂತರ ಅವನು ನಕ್ಕದ್ದು ಅದೇ ಮೊದಲು.

ಬೆಳೆ ಉಳಿಸಿಕೊಳ್ಳಲು ನಿಂತವಳು ಕೈಯಾರೆ ಒಂದು ಪಟ್ಟೆ ಬೆಳೆ ಕೆಡಿಸುತ್ತಾಳೆಂದರೆ ಯಾರಿಗೆ ಸರಿ ಕಂಡೀತು? ನನ್ನ ಯಜಮಾನರು, "ಹೂ ಬಂದ್ರ ಪೂರ್ತಿ ಬರಲಿ ಅನ್ನೂದು ಬಿಟ್ಟು, ಇದೇನು ನಿನ್ನ ಹುಚ್ಚು?" ಎಂದರು. ನಾನು ಪಟ್ಟು ಬಿಡಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಡಿದ ಬೇಸಾಯದ ಕೆಲಸಗಳಲ್ಲಿ ಆ ಸೀಳಿಗಿಂತ ಜಾಣತನದ್ದು ಇನ್ನೊಂದಿಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ನಡುವಿನ ಗಿಡಗಳಿಗೆ ಮತ್ತೆ ಹದವಾಗಿ ನೀರು ಬಿಟ್ಟೆ. ಮುತ್ಯಾನ ಕೆಲಸ ಮಾತ್ರ ದುಪ್ಪಟ್ಟಾಯಿತು. ಮರೆ ಕಟ್ಟಿದ ಮೇಲೆ ರಾತ್ರಿ ಅಟ್ಟಣೆಯ ಮೇಲೆ ಕೂತರೆ ಕತ್ತಲಲ್ಲಿ ತೋಟ ಕಾಣುವುದಿಲ್ಲ. ಅವನು ಕೆಳಗಿಳಿದು, ಕೋಲು ಹಿಡಿದು, ಬೇಲಿಯ ಉದ್ದಕ್ಕೂ ರಾತ್ರಿಯಿಡೀ ಸುತ್ತತೊಡಗಿದ. ನಡುನಡುವೆ ಕುರಿಗಳನ್ನು ಕರೆಯುವ ಹಾಗೆ ದನಿ ತೆಗೆಯುತ್ತಿದ್ದ, ತಾನು ಎಚ್ಚರಿದ್ದೇನೆ ಎಂದು ತಿಳಿಸಲು. ಒಂದು ಸಲ ಮೋಡ ಕಟ್ಟಿ ಅಕಾಲದ ಗಾಳಿಮಳೆ ಹೊಡೆಯಿತು. ನಾನು ಬೆಳಗಾಗುತ್ತಲೇ ಓಡಿ ಬಂದೆ. ಬಡಗಣದ ತಗಡು ಕಿತ್ತು ಕೆಳಗೆ ಬಿದ್ದಿತ್ತು. ನನ್ನ ಜೀವ ಬಾಯಿಗೆ ಬಂತು. ಮೇಲೆ ನೋಡಿದರೆ ಮುತ್ಯಾ ಅಟ್ಟಣೆಯ ಅಂಚಿನಲ್ಲಿ ಗಿಡಗಳ ಮೇಲೆ ಬೆಳಕು ಬೀಳದಂತೆ ಎರಡೂ ಕೈ ಅಗಲಿಸಿ ಕಂಬಳಿ ಹಿಡಿದು ನಿಂತಿದ್ದ, ತೊಯ್ದು ತೊಪ್ಪೆಯಾಗಿ. ತಗಡು ಬಿದ್ದಾಗಿನಿಂದ ಹಾಗೇ ನಿಂತಿದ್ದನಂತೆ.

"ಇಳಿ ಮುತ್ಯಾ, ಬೆಳಕ ಹರದೈತಿ," ಎಂದೆ. ಅವನಿಗೆ ಕೈ ಮಡಚಲು ಬರಲಿಲ್ಲ. ಬಿಸಿ ಅಂಬಲಿ ಕುಡಿಸಿ ಕೈ ತಿಕ್ಕಿದೆ. ನನಗೆ ಅಳು ಬಂತು, ಅದನ್ನು ಮುಚ್ಚಲು ಅವನಿಗೇ ಬೈದೆ.

ಮೊದಲ ಬಿಳಿ ಕೂದಲು ಕಂಡದ್ದು ಆ ಮಳೆಯ ನಂತರ. ಅಟ್ಟಣೆಯ ಮೂಡಣಕ್ಕೆ, ಕೊಂಬೆಯ ಗಿಣ್ಣಿನಲ್ಲಿ, ಎರಡೇ ಎರಡು. ಕಣ್ಣಿಗೆ ನಂಬಿಕೆ ಬಾರದೆ ನಾಲಿಗೆಯಿಂದ ಬೆರಳು ಒದ್ದೆ ಮಾಡಿ ಮುಟ್ಟಿ ನೋಡಿದೆ. ಮರುದಿನ ಪಕ್ಕದ ಗಿಡದಲ್ಲಿ, ಆಮೇಲೆ ಇಡೀ ಸಾಲಿನಲ್ಲಿ. ಗಂಡುಗಿಡಗಳೂ ಕಾಣಿಸಿಕೊಂಡವು, ಬೆಳಗಿನ ತಂಪಿನಲ್ಲಿ ಒಂದೊಂದನ್ನೂ ಹುಡುಕಿ ಕಿತ್ತೆ. ಚಳಿಗಾಲ ಏರಿದಂತೆ ಹೂತೆನೆ ಉದ್ದವಾದವು, ಒತ್ತಾದವು. ಕೈ ಸವರಿದರೆ ಅಂಟು ಅಂಟು, ಸೀಗೆಕಾಯಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ತೆಂಕಣಕ್ಕೆ ಬಿಟ್ಟ ಸೀಳಿನ ಎದುರಿನ ಗಿಡಗಳು ಮಾತ್ರ ಎಲೆಯ ಮೇಲೆ ಎಲೆ ಬಿಡುತ್ತ ಸೊಕ್ಕಿನಿಂದ ಬೆಳೆಯುತ್ತಲೇ ಇದ್ದವು. ದಿನಾ ಅವುಗಳ ಮುಂದೆ ನಿಂತು, "ಹಾಂ, ಹಿಂಗೇ ಇರ್ರಿ, ಅಪ್ಪಿತಪ್ಪಿ ಒಂದು ಹೂ ಬಿಟ್ಟೀರಿ ಮತ್ತ!" ಎಂದು ಹೆದರಿಸಿ ಹೋಗುತ್ತಿದ್ದೆ.

ಎಳ್ಳ ಅಮಾವಾಸ್ಯೆಯ ದಿನ ನಮ್ಮಲ್ಲಿ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಹೋಳಿಗೆ, ಮೊಸರನ್ನ ಒಯ್ದು ಮೊದಲು ಭೂಮಿತಾಯಿಗೆ ಎಡೆ, ಆಮೇಲೆ ಉಣ್ಣುವುದು. ನಾವು ಚರಗ ಚೆಲ್ಲಿ ಮುಗಿಸುವ ಹೊತ್ತಿಗೆ ಸಾಹೇಬರ ಜಟಕಾ ಬಂತು. ಲಿಂಗಸುಗೂರಿನ ಹಕೀಮರೂ ಜೊತೆಗಿದ್ದರು, ನಾನೇ ಹೇಳಿ ಕಳಿಸಿದ್ದೆ. ಊಟಕ್ಕೆ ಕರೆದರೆ ಸಾಹೇಬರು ಮೊದಲು ಕೆಲಸ ಎಂದರು. ಸಾಲುಗಳಲ್ಲಿ ನಡೆದರು. ಹಕೀಮರು ಒಂದು ತೆನೆಯನ್ನು ಎರಡು ಅಂಗೈ ನಡುವೆ ಉಜ್ಜಿದರು, ಕೈಗೆ ಹತ್ತಿದ ಕಪ್ಪು ಅಂಟನ್ನು ಮೂಸಿದರು, "ಮಾಶಾ ಅಲ್ಲಾ!" ಎಂದರು. ಸಾಹೇಬರ ಮುಖ ಗಂಟಿಕ್ಕಿಕೊಂಡೇ ಇತ್ತು.

"ಅಂದ್ರ ಈಗ ಕೀಳೂದು ಬಿಟ್ಟಾನ," ಎಂದರು.

ನಾನು ಇದೇ ಮಾತಿಗೆ ಕಾಯುತ್ತಿದ್ದೆ. "ಏಣಿ ಹೊಸಾದು ಮಾಡಿಸೀನಿ ಸಾಹೇಬ್ರ. ಮ್ಯಾಲ ಬರ್ರಿ."

ಹತ್ತಿದರು. ನಾನೂ ಹಿಂದೆ ಹತ್ತಿದೆ, ಹಕೀಮರು ಏಣಿಯ ಅರ್ಧದಲ್ಲಿ ನಿಂತು ಕತ್ತು ಚಾಚಿದರು. ತೋಟದ ತುಂಬ ಹೂ. ತೆಂಕಣಕ್ಕೆ ಮಾತ್ರ ಒಂದು ಎಲೆಯ ಪಟ್ಟೆ, ಅಟ್ಟಣೆಯ ಹತ್ತಿರ ಗೇಣಗಲ, ಹೋಗುತ್ತ ಹೋಗುತ್ತ ಅಗಲವಾಗಿ ಬೇಲಿಯವರೆಗೆ. ತಗಡಿನ ಸೀಳನ್ನು ತೋರಿಸಿದೆ. ದೀಪ ತೋರಿಸಿದೆ. ದೀಪದ ಪಕ್ಕದಲ್ಲಿ ಸೀಳಿಗೆ ಮುಖ ಮಾಡಿ ಅವರನ್ನೇ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿರೆಂದೆ. ಸೀಳಿನಿಂದ ಎಷ್ಟು ಕಾಣುತ್ತಿತ್ತೋ ಅಷ್ಟರಲ್ಲಿ ಹೂವಿರಲಿಲ್ಲ, ಒಂದೂ ಇರಲಿಲ್ಲ.

"ಯಾವ ಕಳ್ಳರೀ ಸಾಹೇಬ್ರ," ಎಂದೆ, "ಕತ್ತಲ್ಯಾಗಿನ ಹೂವೆಲ್ಲಾ ಬಿಟ್ಟು, ದೀಪ ಬೀಳೂ ಜಾಗಾನೇ ಹುಡುಕಿ, ಗೆರಿ ಹೊಡದಂಗ ನೆಟ್ಟಗ ಕಿತ್ತುಕೊಂಡು ಹೋಗಾವ?"

ಸಾಹೇಬರು ಸೀಳಿಗೆ ಇನ್ನೊಮ್ಮೆ ಕಣ್ಣು ಹಚ್ಚಿದರು. ಕಂಬಳಿ ಮೊದಲು ಎಲ್ಲಿತ್ತು ಎಂದು ಕೇಳಿದರು, ತೋರಿಸಿದೆ. ಹಲಗೆಯ ಕೆಳಗಿನ ಗಿಡಗಳನ್ನು ಬಗ್ಗಿ ತಾವೇ ನೋಡಿದರು. ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು.

"ದೊಡ್ಡ ದೀಪ ಹಚ್ಚು ಅಂತ ಹುಕುಂ ಮಾಡಿದಾವ ನಾನು," ಎಂದರು ಕೊನೆಗೆ. "ಗಲ್ತಿ ನನ್ನದಾತು. ಮುದುಕನ್ನ ಕರೀರಿ."

ಮುತ್ಯಾ ದೂರದಲ್ಲಿ ಬೇಲಿಯ ಹತ್ತಿರ ನಿಂತಿದ್ದ, ಎರಡು ಸಲ ಕರೆದ ಮೇಲೆ ಬಂದ. ಠಾಣೆಗೆ ಒಯ್ಯುವರೆಂದೇ ಅವನು ಹೆಗಲ ಮೇಲೆ ಬುತ್ತಿಗಂಟು ಹಾಕಿಕೊಂಡಿದ್ದ. ಸಾಹೇಬರು ತಾವೇ ಬಗ್ಗಿ ಕೈ ಕೊಟ್ಟು ಅವನನ್ನು ಏಣಿಯ ಕೊನೆಯ ಮೆಟ್ಟಿಲು ಹತ್ತಿಸಿಕೊಂಡರು.

"ಮುತ್ಯಾ, ನಿನ್ನ ಮ್ಯಾಲ ನಾ ತಪ್ಪು ಮಾತು ಹೊರಸಿದ್ದೆ. ಮನಸ್ಸಿನ್ಯಾಗ ಇಟಗೋಬ್ಯಾಡ. ನೀ ಕದ್ದಿಲ್ಲ, ನೀ ಒಂದು ರಾತ್ರೀನೂ ನಿದ್ದಿ ಮಾಡಿಲ್ಲ. ಆ ಗಿಡಾನೇ ಹೇಳಾಕತ್ತಾವ, ನೋಡು."

ಮುತ್ಯಾ ನೋಡಿದ. ಇಷ್ಟು ದಿನ ಆ ಅಟ್ಟಣೆಯ ಮೇಲಿದ್ದೂ ಹಗಲಿನಲ್ಲಿ ಅವನು ತೋಟವನ್ನು ಹೀಗೆ ನಿಂತು ನೋಡಿದವನಲ್ಲ, ಅವನ ಕಣ್ಣು ಯಾವಾಗಲೂ ಬೇಲಿಯ ಮೇಲೆ. ಎಲೆಯ ಆ ಪಟ್ಟೆಯ ಉದ್ದಕ್ಕೂ ನಿಧಾನ ಕಣ್ಣು ಹಾಯಿಸಿದ. ಗಂಟು ಕೆಳಗಿಟ್ಟ. ಸಾಹೇಬರ ಮಾತು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ.

"ಯವ್ವಾ, ನನ್ನ ದೀಪ ಅಲ್ಲೀತನಕಾ ಮುಟ್ಟತಿತ್ತೇನು?"

"ಮುಟ್ಟತಿತ್ತು ಮುತ್ಯಾ. ಬೇಲೀತನಕಾ ಮುಟ್ಟತಿತ್ತು."

ಅವನು ಸಾಹೇಬರ ಕಡೆ ತಿರುಗಿದ. ಅವನ ಕಣ್ಣಲ್ಲಿ ನೀರಿತ್ತು, ಬೆನ್ನು ಮಾತ್ರ ನಾನೆಂದೂ ನೋಡದಷ್ಟು ನೆಟ್ಟಗಾಗಿತ್ತು.

"ಕೇಳಿದ್ರೇನ್ರೀ ಸಾಹೇಬ್ರ? ಬೇಲೀತನಕಾ ಮುಟ್ಟತಿತ್ತಂತ!"